ಮುಳ್ಳು ಏಳುವ ತನಕ

ಮೂವತ್ತು ವರ್ಷಗಳಿಂದ ಸ್ನಿಗ್ಧತೆಯ ಪಾಠ ಮಾಡುತ್ತಿದ್ದೇನೆ. ಎರಡು ಗಾಜಿನ ಕೊಳವೆ, ಒಂದರಲ್ಲಿ ನೀರು, ಇನ್ನೊಂದರಲ್ಲಿ ಹರಳೆಣ್ಣೆ. ಗೋಲಿ ಯಾವುದರಲ್ಲಿ ಬೇಗ ತಳ ಮುಟ್ಟುತ್ತದೆ ನೋಡಿ ಎನ್ನುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಎರಡು ಅಂಕ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ, ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಗ್ಯಾರೇಜಿಗೆ ಕರೆಯುವ ತನಕ.

ಈ ಹುಡುಗನ ಬಗ್ಗೆ ಒಂದು ಮಾತು ಹೇಳಲೇಬೇಕು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲಿ ಫೇಲಾದಾಗ ಅವನ ತಂದೆಯನ್ನು ಸ್ಟಾಫ್ ರೂಮಿಗೆ ಕರೆಸಿ, “ಇವನ ತಲೆಗೆ ವಿಜ್ಞಾನ ಹತ್ತುವುದಿಲ್ಲ, ಬೇರೆ ದಾರಿ ನೋಡಿ” ಎಂದವನು ನಾನೇ.

ಷೆಡ್ಡಿನಲ್ಲಿ ನಿಂತಿದ್ದುದು 1967ರ ಎಂ.ಜಿ.ಬಿ. ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಮಾದರಿ. ಅದರ 1798 ಸಿ.ಸಿ. ಇಂಜಿನ್ ನಮಗೆ ತೀರಾ ಪರಕೀಯವಲ್ಲ. ಹಳೆಯ ಅಂಬಾಸಡರಿನ 1489 ಸಿ.ಸಿ. ಪೆಟ್ರೋಲ್ ಇಂಜಿನ್ ಕೂಡ ಅದೇ ಬಿ-ಸೀರೀಸ್ ವಂಶದ್ದು. “ಅಂಬಾಸಡರ್ ಬಿಚ್ಚಿ ಬಿಚ್ಚಿ ಕೈ ಪಳಗಿತ್ತು ಸರ್, ಅದಕ್ಕೇ ಒಪ್ಪಿಕೊಂಡೆ” ಎಂದ. ಹೊಸ ಬೇರಿಂಗು, ಹೊಸ ಪಿಸ್ಟನ್. ಎಂಟು ತಿಂಗಳ ಕೆಲಸ.

ಗಾಡಿಯ ಯಜಮಾನರು ತೆಂಗಿನಕಾಯಿ, ನಿಂಬೆಹಣ್ಣು ಹಿಡಿದು ಸಿದ್ಧರಾಗಿದ್ದರು. ಹುಡುಗ ಮಾತ್ರ ಅವಸರ ಮಾಡಲಿಲ್ಲ. ಮೇಲಿನ ಮುಚ್ಚಳ ತೆಗೆದು 20ಡಬ್ಲ್ಯು-50 ಆಯಿಲ್ ನಿಧಾನವಾಗಿ ಸುರಿದ. ತಣ್ಣಗಿದ್ದಾಗ ತೆಳು ಎಣ್ಣೆಯಂತೆ ಹರಿಯಬೇಕು, ಕಾದ ಮೇಲೆ ತೀರಾ ನೀರಾಗಬಾರದು. ಆ ಎರಡು ಅಂಕಿಗಳ ಅರ್ಥ ಅಷ್ಟೆ. ಆಮೇಲೆ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು ಸ್ಟಾರ್ಟರ್ ಒತ್ತಿದ. ಪ್ಲಗ್ ಇಲ್ಲದಿದ್ದರೆ ಸಿಲಿಂಡರಿನಲ್ಲಿ ಒತ್ತಡ ಕಟ್ಟುವುದಿಲ್ಲ, ಬೇರಿಂಗುಗಳ ಮೇಲೆ ಭಾರ ಬೀಳುವುದಿಲ್ಲ. ಇಂಜಿನ್ ಹಗುರಾಗಿ ತಿರುಗಿತು. ಆಯಿಲ್ ಪ್ರೆಷರ್ ಮುಳ್ಳು ಸೊನ್ನೆಯಲ್ಲೇ ಮಲಗಿತ್ತು.

ಹತ್ತು ಸೆಕೆಂಡು, ವಿರಾಮ, ಮತ್ತೆ ಹತ್ತು ಸೆಕೆಂಡು. ಮುಳ್ಳು ಏಳಲಿಲ್ಲ.

“ಸ್ಟಾರ್ಟ್ ಮಾಡಪ್ಪ, ಓಡಿದರೆ ತಾನೇ ಬರುತ್ತೆ. ರಾಹುಕಾಲ ಬಂತು” ಎಂದರು ಯಜಮಾನರು. ಹುಡುಗ ತಲೆಯಾಡಿಸಿದ. “ಕ್ಷಮಿಸಿ ಯಜಮಾನರೆ, ಮುಳ್ಳು ಏಳದೆ ನಾನು ಪ್ಲಗ್ ಹಾಕಲ್ಲ.” ಅವರ ಮುಖ ಕೆಂಪಾಯಿತು. ಎಂಟು ತಿಂಗಳ ಕೂಲಿ ಇನ್ನೂ ಅವರ ಜೇಬಿನಲ್ಲೇ ಇತ್ತು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ತೊಂದರೆ ಇದ್ದದ್ದು ಪಂಪಿನಲ್ಲಿ. ಒಣಗಿದ ಪಂಪು ಗಾಳಿಯನ್ನೇ ಕಲಕುತ್ತದೆ, ಕೆಳಗಿನ ಎಣ್ಣೆಯನ್ನು ಎಳೆಯಲಾರದು. ಸಂದುಗಳಲ್ಲಿ ಎಣ್ಣೆ ತುಂಬಿದ್ದರೆ ಮಾತ್ರ ಅದಕ್ಕೆ ಹಿಡಿತ. ನಮ್ಮೂರ ಬೋರಿನ ಕೈಪಂಪಿಗೆ ಒಂದು ಚೊಂಬು ನೀರು ಹಾಕಿ ಹೊಡೆಯುತ್ತಿದ್ದೆವಲ್ಲ, ಅದೇ. ಇಂಜಿನ್ನಿನ ಹಿಂಬದಿಯಲ್ಲಿ ಆಯಿಲ್ ಕೂಲರಿಗೆ ಹೋಗುವ ಪೈಪು ಬಿಚ್ಚಿ, ಆ ರಂಧ್ರಕ್ಕೆ ಎಣ್ಣೆ ಸುರಿದ. ಟಾಪ್ ಗೇರಿಗೆ ಹಾಕಿ, “ಸರ್, ಗಾಡಿ ಹಿಂದಕ್ಕೆ ತಳ್ಳೋಣ” ಎಂದ. ಇಂಜಿನ್ ಹಿಂದುಮುಂದಾಗಿ ತಿರುಗಿದರೆ ಪಂಪೂ ಹಾಗೇ ತಿರುಗಿ, ಮೇಲಿನ ಎಣ್ಣೆಯನ್ನು ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ನಾನು, ಅವನ ತಂದೆ, ಕಡೆಗೆ ಯಜಮಾನರೂ ಪಂಚೆ ಎತ್ತಿಕಟ್ಟಿ ತಳ್ಳಿದೆವು.

ಪೈಪು ಜೋಡಿಸಿ ಮತ್ತೆ ಸ್ಟಾರ್ಟರ್ ಒತ್ತಿದ. ಮುಳ್ಳು ಮೊದಲು ನಡುಗಿತು; ಆಮೇಲೆ ಒಮ್ಮೆಲೇ 40 ಪೌಂಡು ದಾಟಿತು. ಷೆಡ್ಡಿನಲ್ಲಿ ಯಾರೂ ಮಾತಾಡಲಿಲ್ಲ.

ಇಂಜಿನ್ ಇಪ್ಪತ್ತು ನಿಮಿಷ, ನಿಮಿಷಕ್ಕೆ ಸುಮಾರು 2000 ಸುತ್ತಿನಲ್ಲಿ ಓಡಿತು. ಹೊಸ ಕ್ಯಾಮು, ಟ್ಯಾಪೆಟ್ಟುಗಳು ಒಂದಕ್ಕೊಂದು ಹೊಂದಿಕೊಳ್ಳಲು ಅಷ್ಟು ಬೇಕಂತೆ. ನಿಲ್ಲಿಸಿ, ಎಣ್ಣೆ ಕೆಳಗಿಳಿಯಲು ಹತ್ತು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ ಎಳೆದು ಒರೆಸಿ, ಪೂರ್ತಿ ಒಳಕ್ಕೆ ಹಾಕಿ ಮತ್ತೆ ಎಳೆದು ನನ್ನ ಕೈಗೆ ಕೊಟ್ಟ. ಬೆಳಿಗ್ಗೆ ಮೇಲಿನ ಗೆರೆಯಲ್ಲಿದ್ದ ಎಣ್ಣೆ ಕೆಳಗಿನ ಗೆರೆಯ ಹತ್ತಿರ ಬಂದಿತ್ತು. ಫಿಲ್ಟರು, ಕೂಲರು, ಪೈಪುಗಳು ತಮ್ಮ ಪಾಲು ಕುಡಿದಿದ್ದವು.

“ಒಂದು ಲೀಟರ್ ಹಾಕು” ಎಂದೆ, ಮೇಷ್ಟ್ರ ಗತ್ತಿನಲ್ಲಿ.

“ಕಾಲು ಕಾಲಾಗಿ ಹಾಕಿ ನೋಡೋಣ ಸರ್. ಹೆಚ್ಚಾದರೆ ಕ್ರ್ಯಾಂಕ್ ಬಡಿದು ನೊರೆ ಬರುತ್ತೆ. ನೊರೆಯಲ್ಲಿ ಗಾಳಿ ಇರುತ್ತಲ್ಲ, ಬೇರಿಂಗನ್ನು ಎತ್ತಿ ಹಿಡಿಯಲ್ಲ.”

ಮೂರನೇ ಕಾಲಿಗೆ ಎಣ್ಣೆ ಗೆರೆ ಮುಟ್ಟಿತು. ಅವನ ತಂದೆ ಎಲ್ಲರಿಗೂ ಚಹಾ ತಂದರು. ಸ್ಟಾಫ್ ರೂಮಿನ ಮಾತು ಅವರಿಗೆ ನೆನಪಿತ್ತೋ ಇಲ್ಲವೋ, ಎತ್ತಲಿಲ್ಲ. ನಾನೇ ಎತ್ತಿದೆ. ಅವರು ಲೋಟ ನನ್ನ ಕೈಗಿಡುತ್ತಾ, “ಬಿಸಿ ಇದೆ ಮೇಷ್ಟ್ರೇ, ನಿಧಾನ” ಎಂದರು.