ಇನ್ನೊಂದು ಕಿವಿ

ಮೆಟಲ್ ಹುಚ್ಚಿನ ಇಬ್ಬರು ಮೊದಲ ಸಲ ಎದುರಾದರೆ ಊರು, ಕೆಲಸ ಎಲ್ಲ ಆಮೇಲೆ. ಮೊದಲು ‘ನಿನ್ನ ಬ್ಯಾಂಡ್ ಯಾವುದು?’ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ಮೆಟಾಲಿಕಾ ಅಂದರೆ ‘ಅದನ್ನ ಎಲ್ಲರೂ ಕೇಳ್ತಾರೆ ಬಿಡು’ ಎಂಬ ನಗು. ಐರನ್ ಮೇಡನ್ ಅಂದರೆ ಹಿರಿಯರಿಗೆ ಸಲ್ಲುವ ಮರ್ಯಾದೆ. ಲೋಗೋ ಓದಲೂ ಬಾರದ ನಾರ್ವೆಯ ಬ್ಲ್ಯಾಕ್ ಮೆಟಲ್ ತಂಡವೊಂದರ ಹೆಸರು ಹೇಳಿದಿರೋ, ಎದುರಿನವನು ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಾನೆ. ಥ್ರ್ಯಾಶ್, ಡೆತ್, ಡೂಮ್, ಪ್ರೋಗ್ರೆಸಿವ್ ಎಂದು ಇಷ್ಟೊಂದು ಒಳಪಂಗಡಗಳಿರುವಾಗ ಬಾಯಿ ತಪ್ಪಿದರೆ ‘ಪೋಸರ್’ ಎಂಬ ಬಿರುದು ಕಟ್ಟಿಟ್ಟ ಬುತ್ತಿ. (ನನಗೆ ಪವರ್ ಮೆಟಲ್ ಆಗದು. ಕತ್ತಿ, ಕುದುರೆ, ಡ್ರ್ಯಾಗನ್ನು ಒಂದು ಹಾಡಿಗೆ ಸಾಕು.)

ರುಚಿ ಇರುವುದು ಎರಡನೆಯ ಪ್ರಶ್ನೆಯಲ್ಲಿ: ‘ಮೆಟಲ್ ಬಿಟ್ಟು ಇನ್ನೇನು ಕೇಳ್ತೀಯ?’ ಆಗ ನೋಡಬೇಕು ಕಪ್ಪು ಟೀ ಶರ್ಟಿನವನ ಮುಖವನ್ನು. ‘ಹಂಗೇನಿಲ್ಲ, ಎಲ್ಲಾನೂ ಸ್ವಲ್ಪ ಸ್ವಲ್ಪ’ ಎಂದು ರಾಗ ಎಳೆದು, ಎರಡನೆಯ ಕಾಫಿ ಬರುವ ಹೊತ್ತಿಗೆ ಇಳಯರಾಜ, ರಾಜನ್-ನಾಗೇಂದ್ರ, ಪಿ.ಬಿ. ಶ್ರೀನಿವಾಸ್ ಎಲ್ಲರೂ ಒಬ್ಬೊಬ್ಬರಾಗಿ ಹೊರಬರುತ್ತಾರೆ.

ಮೆಟಲ್ ಕಟ್ಟಿದವರಿಗೆ ಈ ಸಂಕೋಚವಿರಲಿಲ್ಲ. ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿಗೆ ಆಗ ಹದಿನೇಳು ವರ್ಷ. ತಗಡಿನ ಕಾರ್ಖಾನೆಯಲ್ಲಿ ಅವನ ಕೊನೆಯ ದಿನವೇ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋದವು. ಎಡಚನಾದ್ದರಿಂದ ತಂತಿ ಒತ್ತುವ ಕೈಯೇ ಅದು. ಗಿಟಾರ್ ಮುಗಿಯಿತೆಂದು ಕುಳಿತವನಿಗೆ ಕಾರ್ಖಾನೆಯ ಮೇಲ್ವಿಚಾರಕ ಒಂದು ರೆಕಾರ್ಡ್ ಕೇಳಿಸಿದ. ನುಡಿಸಿದವನು ಜ್ಯಾಂಗೋ ರೈನ್‌ಹಾರ್ಟ್. ಬೆಂಕಿ ಅನಾಹುತದಲ್ಲಿ ಎರಡು ಬೆರಳು ಸ್ವಾಧೀನ ತಪ್ಪಿದ ಮೇಲೂ ಯುರೋಪಿನ ಜಾಝ್ ಗಿಟಾರನ್ನು ಆಳಿದವನು. ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ತೆಳು ತಂತಿ ಹಾಕಿದ, ಮುಂದೆ ಶ್ರುತಿಯನ್ನೂ ಇಳಿಸಿದ. 1970ರಲ್ಲಿ ಬಂದ, ಅವನ ತಂಡ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ಮಿನ ಬೆನ್ನಿಗೆ ಹೀಗೆ ಜಾಝ್ ನಿಂತಿದೆ. ಅದೇ ತಂಡದ ಡ್ರಮ್ಮರ್ ಬಿಲ್ ವಾರ್ಡ್ ಬೆಳೆದದ್ದೂ ಜಾಝ್ ಕೇಳಿಯೇ. 2025ರ ಜುಲೈ 5ರಂದು ವಿಲ್ಲಾ ಪಾರ್ಕ್‌ನಲ್ಲಿ ಕೊನೆಯ ಸಲ ಹಾಡಿ, ಅದೇ ತಿಂಗಳ 22ರಂದು ತೀರಿಕೊಂಡ ತಂಡದ ಹಾಡುಗಾರ ಆಜಿ ಆಸ್ಬೋರ್ನ್ ಅಂತೂ ತನ್ನನ್ನು ಹಾಡುಗಾರನನ್ನಾಗಿಸಿದ್ದು ಬೀಟಲ್ಸ್ ಎಂದು ಬದುಕಿನುದ್ದಕ್ಕೂ ಹೇಳಿಕೊಂಡ.

ಮೆಟಾಲಿಕಾದ ಕ್ಲಿಫ್ ಬರ್ಟನ್‌ಗೆ ಬಾಖ್ ಅಂದರೆ ಪ್ರಾಣ. ಜೂಡಾಸ್ ಪ್ರೀಸ್ಟ್ 1977ರಲ್ಲಿ ಜೋನ್ ಬಯೆಜ್‌ಳ ಜನಪದ ಧಾಟಿಯ ಹಾಡನ್ನು ಎತ್ತಿಕೊಂಡಿತು. ಮೆಗಾಡೆತ್ ಬಿಟ್ಟ ಮಾರ್ಟಿ ಫ್ರೀಡ್ಮನ್ ಜಪಾನಿನಲ್ಲಿ ನೆಲೆಸಿ ಅಲ್ಲಿಯ ಪಾಪ್ ನುಡಿಸಿದ. ಹೀಗಿರುವಾಗ ಅಭಿಮಾನಿಗೇಕೆ ಮಡಿ?

ನಮ್ಮ ಬೆಂಗಳೂರಿಗೆ ಈ ಮಡಿ ಒಗ್ಗಿಯೂ ಇಲ್ಲ. 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದಾಗ ತಲೆ ಕುಣಿಸಿದವರಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ರಾಮನವಮಿ ಕಛೇರಿಗಳನ್ನು ತಪ್ಪಿಸದವರೂ ಇದ್ದರು. ಡಬಲ್ ಬೇಸ್ ಡ್ರಮ್ಮಿನ ಲೆಕ್ಕಾಚಾರ ಹಿಡಿದ ಕಿವಿಗೆ ಮೃದಂಗದ ತನಿ ಆವರ್ತನ ಹೊಸದೇನಲ್ಲ. ಎಲ್ಲರೂ ಕಾಫಿಗೆ ಏಳುವ ಹೊತ್ತಿನಲ್ಲಿ ಇಂಥವರು ತೊಡೆ ತಟ್ಟುತ್ತ ಕುಳಿತಿರುತ್ತಾರೆ.

ಪುತ್ತೂರು ಕಡೆಯ ಗೆಳೆಯನೊಬ್ಬನಿಗೆ ಡೆತ್ ಮೆಟಲ್‌ನ ಗ್ರೌಲ್ ಮೊದಲ ದಿನವೇ ಹಿಡಿಸಿತ್ತು. ‘ಯಕ್ಷಗಾನದ ಬಣ್ಣದ ವೇಷದ ಪ್ರವೇಶ ನೋಡಿದವನಿಗೆ ಇದೆಂಥ ಹೆದರಿಕೆ ಮಾರಾಯ?’ ಅಂದ. ಸರಿಯೇ. ನಡುರಾತ್ರಿ ಚೆಂಡೆಯ ಅಬ್ಬರದಲ್ಲಿ, ದೊಂದಿಯ ಬೆಳಕಿನಲ್ಲಿ ಸಭೆಯ ನಡುವಿನಿಂದಲೇ ಆರ್ಭಟಿಸುತ್ತ ಬರುವ ರಾಕ್ಷಸನನ್ನು ಕಂಡು ಬೆಳೆದವನವನು. ಆ ದನಿಯಲ್ಲಿ ಮಾಧುರ್ಯ ಹುಡುಕಬಾರದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನ ಫೋನಿನಲ್ಲಿ ಈಗಲೂ ಡೆತ್ ತಂಡದ ಚಕ್ ಶುಲ್ಡಿನರ್ ಪಕ್ಕದಲ್ಲೇ ಬಲಿಪರ ಭಾಗವತಿಕೆ ಇದೆ.

ನಿಮ್ಮ ಮನೆಯಲ್ಲೂ ಕಪ್ಪು ಟೀ ಶರ್ಟಿನ ಮಗನೋ ಮಗಳೋ ಇದ್ದರೆ, ‘ಇದೇನು ಗಲಾಟೆ’ ಎಂದು ಬಾಗಿಲು ಬಡಿಯುವ ಮೊದಲು ಮೆಟಲ್ ಬಿಟ್ಟು ಇನ್ನೇನು ಕೇಳುತ್ತೀಯೆಂದು ವಿಚಾರಿಸಿ ನೋಡಿ. ಸ್ವಲ್ಪ ಪುರಸೊತ್ತು ಮಾಡಿಕೊಂಡೇ ಕೇಳಿ, ಉತ್ತರ ಉದ್ದವಿರುತ್ತದೆ.