ಬೀರುವಿನ ಬೀಗ ತೆಗೆಸಿದ ತಾಯಿ

ಬೆಳಿಗ್ಗೆ ಎಂಟಾಯಿತೆಂದರೆ ನಮ್ಮ ನಿಜಲಿಂಗಪ್ಪ ಬಡಾವಣೆಯಲ್ಲಿ ಹಳದಿ ಬಸ್ಸು, ವ್ಯಾನುಗಳ ಹಾರನ್ನು ಶುರು. ಟೈ ಕಟ್ಟಿದ ಮಕ್ಕಳು ಗೇಟಿನ ಬಳಿ ನಿಂತಿರುತ್ತಾರೆ. ತಾಯಂದಿರು ಕೊನೆಯ ತುತ್ತು ಇಡ್ಲಿಯನ್ನು ಅವರ ಬಾಯಿಗೆ ತುರುಕುತ್ತಿರುತ್ತಾರೆ. ಸ್ವಲ್ಪ ಹೊತ್ತಿಗೆ ನಾನೂ ಸ್ಕೂಟರ್ ಹೊರತೆಗೆಯುತ್ತೇನೆ. ಊರಿನ ಹಳೆಯ ಭಾಗದ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು. ನಮ್ಮ ಬೀದಿಯಿಂದ ಸರ್ಕಾರಿ ಶಾಲೆಗೆ ದಿನವೂ ಹೋಗುವವನು ನಾನೊಬ್ಬನೇ. ಅದೂ ಸಂಬಳಕ್ಕೆ!

ನಾನು ಓದಿದ್ದು ಹರಿಹರದ ಹತ್ತಿರದ ಒಂದು ಹಳ್ಳಿಯಲ್ಲಿ, ಎಪ್ಪತ್ತರ ದಶಕದ ಕೊನೆಯಲ್ಲಿ. ಯಾವ ಶಾಲೆಗೆ ಹಾಕಬೇಕೆಂಬ ಚಿಂತೆ ನಮ್ಮಪ್ಪನಿಗೆ ಬರಲೇ ಇಲ್ಲ. ಇದ್ದದ್ದು ಒಂದೇ ಶಾಲೆ. ಗೌಡರ ಮಗನೂ, ಅವರ ಹೊಲದಲ್ಲಿ ದುಡಿಯುವವರ ಮಗನೂ ಅಲ್ಲಿಗೇ ಬರಬೇಕು. ಅದೇನೂ ಸ್ವರ್ಗವಾಗಿರಲಿಲ್ಲ. ಹಿಂದಿನ ಸಾಲು ಯಾರಿಗೆ ಎಂಬುದು ಹೇಳದೆಯೇ ಎಲ್ಲರಿಗೂ ಗೊತ್ತಿತ್ತು. ಆದರೆ ಮಳೆಗಾಲದಲ್ಲಿ ಹೆಂಚು ಸೋರಿದರೆ ಗೌಡರ ಮಗನ ಪುಸ್ತಕವೂ ನೆನೆಯುತ್ತಿತ್ತು. ಮರುದಿನ ಗೌಡರು ಬಂದು ಗದರುತ್ತಿದ್ದರು, ಹೆಂಚು ಬದಲಾಗುತ್ತಿತ್ತು. ಆ ಗದರಿಕೆಯ ಲಾಭ ಇಡೀ ಶಾಲೆಗೆ ಸಿಗುತ್ತಿತ್ತು.

2004ರಲ್ಲಿ ನನ್ನ ಮಗಳನ್ನು ಒಂದನೇ ತರಗತಿಗೆ ಸೇರಿಸುವ ಕಾಲ ಬಂತು. ಕನ್ನಡದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಕಾಲೇಜಿಗೆ ಹೋದಾಗ ಇಂಗ್ಲಿಷಿನ ಭೌತಶಾಸ್ತ್ರದ ಪುಸ್ತಕ ಕಂಡು ನಾನು ಬೆವರಿದ್ದು ಮರೆತಿರಲಿಲ್ಲ. ಮನೆಯಲ್ಲಿ ಹೆಚ್ಚು ಚರ್ಚೆಯೂ ಆಗಲಿಲ್ಲ. ಖಾಸಗಿ ಶಾಲೆಗೆ ಹಾಕಿದೆವು. 1994ರ ಸರ್ಕಾರಿ ಆದೇಶದ ಪ್ರಕಾರ ಆಗ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಇಲ್ಲವೇ ಕನ್ನಡದಲ್ಲೇ ಕಲಿಸಬೇಕಿತ್ತು. ಆ ಶಾಲೆ ಕಾಗದದ ಮೇಲೆ ಕನ್ನಡ ಮಾಧ್ಯಮದ್ದು, ಕೊಠಡಿಯೊಳಗೆ ಇಂಗ್ಲಿಷಿನದು. ಗೊತ್ತಿದ್ದೇ ಸೇರಿಸಿದೆ. ಮುಂದೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮದ ಆಯ್ಕೆಯನ್ನು ಮಗುವಿನ ಪರವಾಗಿ ತಂದೆತಾಯಿ ಮಾಡಬೇಕೇ ಹೊರತು ಸರ್ಕಾರ ಹೇರುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಹತ್ತು ವರ್ಷ ತಡವಾಗಿಯಾದರೂ ನನಗೆ ಕ್ಷಮೆ ಸಿಕ್ಕಂತಾಯಿತು.

ಆದರೆ ಆಯ್ಕೆ ಮಾಡಲು ಹಕ್ಕೊಂದೇ ಸಾಲದು, ದುಡ್ಡೂ ಬೇಕು. ಇಲ್ಲದವರಿಗೆ ದಾರಿಯಾದದ್ದು 2009ರ ಶಿಕ್ಷಣ ಹಕ್ಕು ಕಾಯ್ದೆ. ಅದರಂತೆ ಖಾಸಗಿ ಶಾಲೆಗಳ ಶೇಕಡ 25 ಸೀಟುಗಳು ಬಡ, ಹಿಂದುಳಿದ ಮನೆಗಳ ಮಕ್ಕಳಿಗೆ, ಶುಲ್ಕ ಸರ್ಕಾರದ್ದು. ನಮ್ಮ ರಾಜ್ಯದಲ್ಲಿ ಇದು 2012ರಲ್ಲಿ ಶುರುವಾಯಿತು. 2019ರಲ್ಲಿ ನಿಯಮ ಬದಲಾಯಿತು: ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಸೀಟು ಇಲ್ಲ.

ಆ ವರ್ಷದ ಬೇಸಿಗೆಯಲ್ಲಿ ನಾವು ಮೇಷ್ಟ್ರುಗಳು ಮಕ್ಕಳನ್ನು ಕೇಳಿಕೊಂಡು ಮನೆಮನೆ ತಿರುಗುತ್ತಿದ್ದೆವು. ನಮ್ಮ ಆವರಣದಲ್ಲೇ ಪ್ರಾಥಮಿಕ ಶಾಲೆಯೂ ಇದೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬ ತಾಯಿಯ ಮನೆಗೆ ಹೋದೆ. ಆಕೆಯ ದೊಡ್ಡ ಮಗನಿಗೆ 2014ರಲ್ಲಿ ಲಾಟರಿಯಲ್ಲಿ ಖಾಸಗಿ ಶಾಲೆಯ ಸೀಟು ಬಂದಿತ್ತು. ಈಗ ಮಗಳಿಗೆ ಆ ಬಾಗಿಲು ಮುಚ್ಚಿತ್ತು. ನಮ್ಮ ಶಾಲೆಯ ಬಿಸಿಯೂಟ, ಸಮವಸ್ತ್ರ, ತರಬೇತಾದ ಶಿಕ್ಷಕರು ಎಂದೆಲ್ಲ ನಾನು ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡು, “ಸಾರ್, ನಿಮ್ಮ ಮಗಳು ಯಾವ ಸಾಲ್ಯಾಗ ಓದಿದ್ದು?” ಎಂದರು.

ಸುಳ್ಳು ಹೇಳಲಾಗಲಿಲ್ಲ, ಹೇಳಿದೆ. “ಮತ್ತೆ ನಮಗೆ ಹೇಳಾಕ ಬಂದೀರಲ್ಲ” ಎಂದು ಸಿಟ್ಟಿಲ್ಲದೆ ಅಂದರು. ಮಗಳನ್ನು ನಮ್ಮಲ್ಲಿಗೇ ಸೇರಿಸಿದರು. ಅವರಿಗೆ ಬೇರೆ ದಾರಿ ಇರಲಿಲ್ಲ. ಸರ್ಕಾರದ ಸಂಬಳ ಪಡೆಯುವವರ ಮಕ್ಕಳು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲೇ ಓದುವಂತೆ ಮಾಡಿ ಎಂದು 2015ರಲ್ಲಿ ಅಲಹಾಬಾದ್ ಹೈಕೋರ್ಟ್ ಉತ್ತರ ಪ್ರದೇಶ ಸರ್ಕಾರಕ್ಕೆ ಹೇಳಿತ್ತು. ಅಂದು ಆ ಸುದ್ದಿ ಓದಿ ನಾನು ಪತ್ರಿಕೆ ಮಡಚಿಟ್ಟಿದ್ದೆ. ಈ ತಾಯಿಯ ಮಾತನ್ನು ಹಾಗೆ ಮಡಚಿಡಲು ಆಗಲಿಲ್ಲ.

ಉಚಿತ ಸೀಟು ಎಂಟನೇ ತರಗತಿಯವರೆಗೆ ಮಾತ್ರ. ಒಂಬತ್ತರ ಶುಲ್ಕ ಕಟ್ಟಲಾಗದೆ 2022ರಲ್ಲಿ ಅವರ ಮಗನೂ ನಮ್ಮ ಶಾಲೆಗೇ ಬಂದ. ದಸರಾ ಕಳೆದ ಮೇಲೆ ನಡೆದ ಪೋಷಕರ ಸಭೆಯಲ್ಲಿ ಆಕೆ ಎದ್ದು ನಿಂತರು.

“ಸಾರ್, ನನ್ನ ಮಗ ಜೀವಕೋಶ ಅಂದ್ರೇನು ಅಂತ ಇಂಗ್ಲಿಷ್‌ನಾಗ ಪಟಪಟ ಹೇಳ್ತಾನೆ. ನೋಡೀಯೇನೋ ಅಂದ್ರೆ, ಅಲ್ಲೂ ನೋಡಿಲ್ಲ, ಇಲ್ಲೂ ನೋಡಿಲ್ಲ ಅಂತಾನೆ. ನಿಮ್ಮ ಬೀರುನಾಗ ಅದನ್ನ ತೋರ್ಸೋ ಮಿಷನ್ ಐತಂತೆ, ಬೀಗ ಹಾಕೀರಂತೆ. ಯಾರಿಗೆ ಅಂತ ಇಟ್ಟೀರಿ?”

ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಸೂಕ್ಷ್ಮದರ್ಶಕ ಒಡೆದರೆ ದಾಸ್ತಾನು ಪುಸ್ತಕಕ್ಕೆ ಉತ್ತರ ಹೇಳಬೇಕಾದವನು ನಾನು. ಆ ಭಯಕ್ಕೆ ವರ್ಷಗಟ್ಟಲೆ ಚಿತ್ರ ಬರೆದೇ ಪಾಠ ಮುಗಿಸಿದ್ದೆ. ಒಬ್ಬ ಪೋಷಕರೂ ಕೇಳಿರಲಿಲ್ಲ. ಕೇಳಬಲ್ಲವರೆಲ್ಲ ಹಳದಿ ಬಸ್ಸು ಹತ್ತಿಸಿ ಕೈಬೀಸುತ್ತಿದ್ದರು. ಅವರಲ್ಲಿ ನಾನೂ ಒಬ್ಬನಾಗಿದ್ದೆ.

“ಹಿಂದಿನ ಶಾಲೆಯಲ್ಲಿ ಯಾಕಮ್ಮ ಕೇಳಲಿಲ್ಲ?” ಎಂದು ಸಹೋದ್ಯೋಗಿಯೊಬ್ಬರು ಕೆಣಕಿದರು. “ಅಲ್ಲಿ ಪುಕ್ಕಟೆ ಸೀಟು ಸಾರ್. ಏನಂತಾರೋ ಅಂತ ಹಿಂದೆ ಕುಂದ್ರುತಿದ್ದೆ. ಇದು ನಮ್ಮ ಸಾಲಿ.” ನನಗೆ ನೆನಪಾಯಿತು: ಶುಲ್ಕ ಕಟ್ಟುತ್ತಿದ್ದ ನಾನೂ ಮಗಳ ಶಾಲೆಯ ಸಭೆಗಳಲ್ಲಿ ಹಿಂದೆಯೇ ಕೂತು ಬಾಯಿ ಮುಚ್ಚಿಕೊಂಡು ಬರುತ್ತಿದ್ದೆ.

ಮರುದಿನ ಮನೆಯಿಂದ ಎರಡು ಈರುಳ್ಳಿ ಒಯ್ದೆ. ತೆಳು ಸಿಪ್ಪೆಗೆ ಒಂದು ಹನಿ ಅಯೋಡಿನ್ ಹಾಕಿ, ಗಾಜಿನ ಪಟ್ಟಿಯ ಮೇಲಿಟ್ಟು, ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. ಆ ಹುಡುಗ ಒಂದು ಕಣ್ಣು ಮುಚ್ಚಿ ನೋಡಿದವನು, “ಇಟ್ಟಿಗೆ ಗೋಡೆ ಇದ್ದಂಗೈತಿ ಸಾರ್!” ಎಂದ. ನನ್ನ ಇಷ್ಟು ವರ್ಷಗಳ ಕಪ್ಪುಹಲಗೆಯ ಚಿತ್ರಕ್ಕೆ ಇಂಥ ಮಾತು ಎಂದೂ ಬಂದಿರಲಿಲ್ಲ.

ತಂದೆತಾಯಿಗಳೇ, ಮಕ್ಕಳನ್ನು ಎಲ್ಲಿಗೆ ಸೇರಿಸಬೇಕೆಂದು ಹೇಳುವ ಯೋಗ್ಯತೆ ನನಗಿಲ್ಲ. ಸೇರಿಸಿದ ಮೇಲೆ ಬಾಯಿ ಮುಚ್ಚಿಕೊಳ್ಳಬೇಡಿ ಎಂದಷ್ಟೇ ಹೇಳಬಲ್ಲೆ. ಸರ್ಕಾರಿ ಶಾಲೆಗಳಲ್ಲಿ ಅದಕ್ಕೊಂದು ಜಾಗವೇ ಇದೆ. 2001ರಿಂದ ನಮ್ಮ ರಾಜ್ಯದಲ್ಲಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಸಭೆಯ ದಿನ ಅರ್ಧ ಕುರ್ಚಿ ಖಾಲಿ ಇರುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಕೂಲಿ ಬಿಟ್ಟು ಬರುವುದು ಸುಲಭವಲ್ಲ, ನಿಜ. ಆದರೆ ಆ ತಾಯಿಯೂ ಕೂಲಿ ಬಿಟ್ಟೇ ಬಂದಿದ್ದರು. ಈಗ ಅವರು ಸಮಿತಿಯ ಸದಸ್ಯೆ. ಸಭೆ ಇದ್ದ ದಿನ ನಾವು ಸ್ವಲ್ಪ ಬೇಗ ಬರುತ್ತೇವೆ!

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ನಿಮ್ಮ ಶಾಲೆಯಲ್ಲೂ ಬೀಗ ಹಾಕಿದ ಬೀರು ಇರಬಹುದು. ಮೇಷ್ಟ್ರನ್ನು ವಿನಯದಿಂದ ಕೇಳಿ. ನಿಮ್ಮ ಮೇಷ್ಟ್ರು ನನ್ನಂಥವರಾದರೆ ಎರಡು ಸಲ ಕೇಳಿ.

ನಮ್ಮ ಬೀರುವಿನ ಕೈ ಈಗ ಗೋಡೆಯ ಮೊಳೆಯಲ್ಲಿ ತೂಗುತ್ತಿರುತ್ತದೆ. ಮಕ್ಕಳ ಕೈಯಲ್ಲಿ ಮಸೂರವೊಂದಕ್ಕೆ ಗೀರು ಬಿದ್ದಿದೆ. ದಾಸ್ತಾನು ಪುಸ್ತಕದಲ್ಲಿ ಅದನ್ನು ಹಾಗೆಯೇ ಬರೆದು ಸಹಿ ಹಾಕಿದ್ದೇನೆ.