ಬಿರಡೆ ಹಾಕುವ ಹೊತ್ತು

ಬೀರಿನ ಹೆಸರೆತ್ತಿದೊಡನೆ ಮುಖ ತಿರುಗಿಸುವ ವಾಚಕರು ನಮ್ಮಲ್ಲಿ ಇಲ್ಲದಿಲ್ಲ. ಅವರು ಕುಡಿಯಬೇಕಾಗಿಲ್ಲ, ಪೀಪಾಯಿಯ ಬಿರಡೆಯನ್ನು ನನ್ನೊಡನೆ ನೋಡಿದರೆ ಸಾಕು.

ಇಂಗ್ಲೆಂಡಿನಲ್ಲಿ ಏಲ್ ಎಂಬ ಬೀರನ್ನು ಹುದುಗುವಿಕೆ ಮುಗಿಯುವುದಕ್ಕೆ ಮೊದಲೇ ಪೀಪಾಯಿಗೆ ತುಂಬುವ ಪದ್ಧತಿಯುಂಟು. ಮೊಳೆತ ಬಾರ್ಲಿಯ ಸಕ್ಕರೆ ತುಸು ಉಳಿದಿರುವಾಗಲೇ ಬಾಯಿ ಮುಚ್ಚಿದರೆ, ಯೀಸ್ಟು ಅದನ್ನುಂಡು ಬಿಡುವ ಇಂಗಾಲಾಮ್ಲ ವಾಯುವು ಹೊರಬೀಳಲಾರದೆ ಪಾನೀಯದಲ್ಲಿಯೇ ಕರಗುತ್ತದೆ. ನಾಲಗೆಗೆ ತಾಗುವ ಚುರುಕು ಅದರದೇ. ಮನೆಯಲ್ಲಿ ಬೀರು ಕಾಯಿಸುವವರಲ್ಲಿಯೂ ಕೆಲವರು ಹೀಗೆ ಮಾಡುವರು. ಸ್ವಂತ ಬಳಕೆಗಾದರೆ ಆ ದೇಶದಲ್ಲಿ 1963ರಿಂದ ಪರವಾನಗಿಯ ಕಾಟವಿಲ್ಲ.

ಆದರೆ ಎಷ್ಟು ಮೊದಲು? ಸಾಂದ್ರತೆಯು 1.010ಕ್ಕೆ ಬಂದು ನಿಲ್ಲತಕ್ಕ ಬೀರನ್ನು 1.012ರಲ್ಲಿ ಮುಚ್ಚಿದರೆ, ಸುಮಾರಾಗಿ ಬೀರಿನ ಗಾತ್ರದಷ್ಟೇ ವಾಯು ಹೊಸದಾಗಿ ಹುಟ್ಟುತ್ತದೆ, ಹಿತವಾದ ಪ್ರಮಾಣ. 1.020ರಲ್ಲಿ ಮುಚ್ಚಿದರೆ ಅದರ ಐದರಷ್ಟು! ನಲ್ಲಿ ತಿರುಗಿಸಿದರೆ ಬರಿಯ ನೊರೆ; ಪೀಪಾಯಿ ದುರ್ಬಲವಾದರೆ ಬಿರಿಯುವುದೂ ಉಂಟು. ದೋಸೆಯ ಹಿಟ್ಟಾದರೋ ಮುಚ್ಚಳವನ್ನೆತ್ತಿ ತನ್ನ ಅವಸರವನ್ನು ತಿಳಿಸೀತು; ಬಿಗಿದ ಪೀಪಾಯಿಗೆ ಆ ದಾಕ್ಷಿಣ್ಯವಿಲ್ಲ.

ದಿನಗಳನ್ನೆಣಿಸುವುದನ್ನು ನಾನು ನಂಬೆನು. ಚಳಿಗೆ ಮಲಗಿದ ಯೀಸ್ಟು ಸೆಕೆಗೆ ಮತ್ತೆ ಏಳುತ್ತದೆ. ಒಂದು ಲೋಟದಷ್ಟು ರಸವನ್ನು ಬೇರೆ ತೆಗೆದು, ಹೆಚ್ಚು ಯೀಸ್ಟು ಬೆರೆಸಿ, ಬೆಚ್ಚಗಿಟ್ಟರೆ ಅದು ಬೇಗನೆ ಕೊನೆಮುಟ್ಟಿ, ದೊಡ್ಡ ಪಾತ್ರೆಯದು ಎಲ್ಲಿ ನಿಂತೀತೆಂಬುದನ್ನು ಮುಂಚೆಯೇ ತೋರಿಸುತ್ತದೆ.

ಇಷ್ಟಾದರೂ ಅಲ್ಲಿನ ಪಾನಗೃಹಗಳ ನೆಲಮಾಳಿಗೆಯವರು ಲೆಕ್ಕವೊಂದನ್ನೇ ನೆಚ್ಚುವುದಿಲ್ಲ. ಬಿರಡೆಯ ನಡುವಿನ ತೂತಿಗೆ ಮೊದಲು ಗಾಳಿಯಾಡುವ ಮೆದುಮರದ ಬೆಣೆಯನ್ನಿಡುವರು. ಹೆಚ್ಚಿನ ವಾಯು ಅದರೊಳಗಿಂದ ನುಸುಳಿಹೋಗುತ್ತದೆ. ಬೆಣೆಯ ಮೇಲಣ ನೊರೆಯನ್ನು ಒರಸಿ, ಮತ್ತೆ ಏಳುವುದೋ ಎಂದು ಕಾಯುವರು. ಏಳದಿದ್ದರೆ ಗಟ್ಟಿಮರದ ಬೆಣೆ.